ನೈಟಿ ಉದ್ದ ಆಗಿದ್ದಲ್ಲ

ಮೊದಲು ಸುಳಿವು ಕೊಟ್ಟಿದ್ದು ನೈಟಿ. ಬೆಳಿಗ್ಗೆ ಅಡುಗೆಮನೆಯಲ್ಲಿ ಓಡಾಡುವಾಗ ಅಂಚು ಕಾಲಿಗೆ ಸಿಕ್ಕುತ್ತಿತ್ತು. ಎರಡು ಸಲ ಎಡವಿದೆ. ಒಗೆದು ಒಗೆದು ಬಟ್ಟೆ ಜಗ್ಗಿದೆ ಅಂದುಕೊಂಡು ಇನ್ನೊಂದು ಹಾಕಿಕೊಂಡೆ. ಅದೂ ನೆಲ ಗುಡಿಸುತ್ತಿತ್ತು. ಅಂಗಡಿಯವನು ಸೈಜು ಸರಿಯಾಗಿ ಕೊಟ್ಟಿಲ್ಲ ಅಂತ ಬೈದುಕೊಂಡೆ. ನಾಲ್ಕು ವರ್ಷದಿಂದ ಹಾಕುತ್ತಿರುವ ನೈಟಿ ಈಗ ಯಾಕೆ ಸೈಜು ಬದಲಾಯಿಸುತ್ತದೆ ಅನ್ನುವುದು ಮಾತ್ರ ತಲೆಗೆ ಹೋಗಲಿಲ್ಲ. ಬ್ಯಾಂಕಿನಲ್ಲಿ 33 ವರ್ಷ ಲೆಕ್ಕ ತಾಳೆ ನೋಡಿದವಳು ನಾನು.

ಕುಗ್ಗಿದ್ದು ನಾನು. 3 ಸೆಂಟಿಮೀಟರ್. ಬೆನ್ನುಮೂಳೆಯ ಮಣಿಯೊಂದು ಮುರಿದು ಕೂತಿತ್ತು. ನೋವು? ಒಂಚೂರೂ ಇರಲಿಲ್ಲ. ಇಷ್ಟೆಲ್ಲ ಬರೆಯಲು ಕೂತಿರುವುದೇ ಅದಕ್ಕೆ.

ಕಥೆ ಶುರುವಾಗಿದ್ದು 2021ರ ಮಳೆಗಾಲದಲ್ಲಿ. ಆಗ ನನಗೆ 57. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಕೈ ಭುಜದ ಮೇಲಕ್ಕೆ ಹೋಗಲೇ ಇಲ್ಲ. ಎರಡೂ ಕೈ. ಒಂದು ವಾರದಲ್ಲಿ ಸೊಂಟವೂ ತೊಡೆಯೂ ಮರದ ಕೊರಡಿನ ಹಾಗಾದವು. ಮಂಚದಿಂದ ಏಳಬೇಕಾದರೆ ನಮ್ಮನೆಯವರು ಕೈ ಹಿಡಿದು ಎಳೆಯಬೇಕು. ವಿಚಿತ್ರ ಅಂದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಸಡಿಲವಾಗುತ್ತಿತ್ತು. ಸಂಜೆ ನನ್ನನ್ನು ನೋಡಿದವರಿಗೆ ಬೆಳಗಿನ ನನ್ನ ಅವಸ್ಥೆ ಹೇಳಿದರೆ ನಂಬುತ್ತಿರಲಿಲ್ಲ. ಒಬ್ಬರು ಫ್ರೋಜನ್ ಶೋಲ್ಡರ್ ಅಂದರು. ಇನ್ನೊಬ್ಬರು ಯಾವುದೋ ಹಳೇ ಚಿಕನ್‌ಗುನ್ಯಾ ಉಳಿಸಿಹೋದ ನೋವು ಅಂದರು. ನಮ್ಮ ಅತ್ತಿಗೆ, "ವಯಸ್ಸಾಯ್ತಲ್ಲಮ್ಮ, ಇನ್ನೇನು" ಅಂದರು. ಅವರು ನನಗಿಂತ ಐದು ವರ್ಷ ದೊಡ್ಡವರು, ಮೆಟ್ಟಿಲು ಓಡಿಕೊಂಡು ಹತ್ತುತ್ತಾರೆ.

ಕೊನೆಗೆ ಒಂದು ಕ್ಲಿನಿಕ್‌ನಲ್ಲಿ ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್, 20 ಮಿಲಿಗ್ರಾಂ, ಬೆಳಿಗ್ಗೆ ತಿಂಡಿ ಆದಮೇಲೆ. ಮಾರನೆಯ ದಿನ ಎಚ್ಚರವಾದಾಗ ನಾನೇ ಎದ್ದು ಕೂತಿದ್ದೆ. ಯಾರೂ ಎಳೆದಿರಲಿಲ್ಲ. ಮೂರನೆಯ ದಿನ ತಲೆಗೆ ಎಣ್ಣೆ ಹಚ್ಚಿ, ನಾನೇ ಬಾಚಿ, ನಾನೇ ಜಡೆ ಹೆಣೆದು, ಮಲ್ಲಿಗೆ ಮುಡಿದು ಕನ್ನಡಿ ಮುಂದೆ ಸುಮ್ನೆ ನಿಂತಿದ್ದೆ. ಕಣ್ಣಲ್ಲಿ ನೀರು. ಆ ಮಾತ್ರೆಯನ್ನು ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚುವುದೊಂದು ಬಾಕಿ.

ಹೀಗೆ ಬೆರಗಾದವಳು ನಾನೊಬ್ಬಳೇ ಅಲ್ಲ ಅಂತ ಆಮೇಲೆ ಓದಿ ತಿಳಿದೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಚೆಸ್ಟರ್ ಊರಿನ ಮೇಯೊ ಕ್ಲಿನಿಕ್‌ನಲ್ಲಿ 29 ವರ್ಷದ ಒಬ್ಬ ಹೆಂಗಸು ಇದ್ದಳು. ದಾಖಲೆಯಲ್ಲಿ ಅವಳ ಹೆಸರು ಬರೀ 'ಮಿಸೆಸ್ ಜಿ'. ಸಂಧಿವಾತದಿಂದ ನಡೆದಾಡುವುದೇ ಕಷ್ಟವಾಗಿತ್ತು. ಫಿಲಿಪ್ ಹೆಂಚ್ ಅನ್ನುವ ಡಾಕ್ಟರು ಆಗ 'ಕಾಂಪೌಂಡ್ ಇ' ಎಂದು ಕರೆಯುತ್ತಿದ್ದ ಹೊಸ ವಸ್ತುವನ್ನು ಅವಳಿಗೆ ಇಂಜೆಕ್ಷನ್ ಕೊಟ್ಟರು. ಅದೇ ಕಾರ್ಟಿಸೋನ್, ನನ್ನ ಮಾತ್ರೆಯ ಜಾತಿಯದೇ ಸ್ಟೀರಾಯ್ಡ್. ವಾರ ಕಳೆಯುವುದರೊಳಗೆ ಅವಳು ಪೇಟೆಗೆ ಹೋಗಿ ಮೂರು ಗಂಟೆ ಶಾಪಿಂಗ್ ಮಾಡಿ ಬಂದಳಂತೆ. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಮಿಸೆಸ್ ಜಿಯ ಆ ಶಾಪಿಂಗ್ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಆ ವಾರ ದೇವರಾಜ ಮಾರ್ಕೆಟ್ಟಿಗೆ ಹೋಗಿ ಬೇಕಾದ್ದು ಬೇಡದ್ದು ಎಲ್ಲ ಹೊತ್ತುಕೊಂಡು ಬಂದಿದ್ದೆ.

ನನ್ನ ಚೀಟಿಯಲ್ಲಿ ಒಂದು ವಿಷಯ ಇರಲಿಲ್ಲ. ಎಲ್ಲಿಯವರೆಗೆ ಅನ್ನುವುದು. "ಮುಂದುವರಿಸಿ" ಅಂತ ಇತ್ತು, ಮುಂದುವರಿಸಿದೆ. ಮೆಡಿಕಲ್ಸ್ ಹುಡುಗ ನನ್ನ ಮುಖ ಕಂಡ ಕೂಡಲೇ "ಅದೇ ಅಲ್ವಾ ಮೇಡಂ?" ಅಂತ ಎರಡು ಸ್ಟ್ರಿಪ್ ತೆಗೆದಿಡುತ್ತಿದ್ದ. ಮಾತ್ರೆ ಎಷ್ಟು ಅಗ್ಗ ಅಂದರೆ ಅದರ ಬಗ್ಗೆ ಯೋಚಿಸಬೇಕು ಅಂತಲೂ ಅನಿಸುವುದಿಲ್ಲ. ಸ್ಟೀರಾಯ್ಡ್ ಅಂದರೆ ಸಾಲ ಇದ್ದ ಹಾಗೆ ಅಂತ ಕೆಲವರು ಹೇಳುತ್ತಾರೆ. ಬ್ಯಾಂಕಿನವಳಾಗಿ ನಾನು ಒಪ್ಪುವುದಿಲ್ಲ. ಸಾಲ ಕೊಡುವಾಗ ಕಂತು, ತಾರೀಖು, ಜಾಮೀನು ಎಲ್ಲ ಬರೆಸಿಕೊಂಡು ಸಹಿ ಹಾಕಿಸುತ್ತೇವೆ.

ಒಂಬತ್ತು ತಿಂಗಳು ಹೀಗೇ ಹೋಯಿತು. ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಯಿತು. ಕುತ್ತಿಗೆ ಹಿಂದೆ ಒಂದು ದಿಂಬು ಬೆಳೆಯಿತು. ಹಸಿವೋ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು ಕೋಡುಬಳೆ ಡಬ್ಬ ತೆಗೆಯುತ್ತಿದ್ದೆ. ನೆಂಟರೆಲ್ಲ, "ಚೆನ್ನಾಗಿ ಮೈ ತುಂಬ್ಕೊಂಡಿದೀಯಾ" ಅನ್ನುತ್ತಿದ್ದರು. 2022ರ ಮೇ ತಿಂಗಳಲ್ಲಿ ಅಣ್ಣನ ಮಗನ ಮದುವೆ. ಅದಕ್ಕೆ ಹೊಲಿಸಿದ ರವಿಕೆ ಒಂದೇ ತಿಂಗಳಲ್ಲಿ ಬಿಗಿಯಾಗಿ, ತೋಳೇ ಹೋಗಲಿಲ್ಲ. ಸಿಟ್ಟು ಬಂತು. ನೋವಂತೂ ಇಲ್ಲವಲ್ಲ, ಇನ್ನು ಯಾಕೆ ಈ ಮಾತ್ರೆ ಅಂತ ಮದುವೆಗೆ ಐದು ದಿನ ಇರುವಾಗ ನಿಲ್ಲಿಸಿಬಿಟ್ಟೆ. 20ರಿಂದ ಸೊನ್ನೆಗೆ. ಯಾರನ್ನೂ ಕೇಳಲಿಲ್ಲ.

ವರಪೂಜೆಯ ಸಂಜೆ ಛತ್ರದ ಕಂಬಕ್ಕೆ ಒರಗಿ ಕೂತಿದ್ದೆ. ಎರಡು ದಿನದಿಂದ ವಾಂತಿ. ಊಟದ ಮನೆಯ ಪಿತ್ತ ಅಂತ ಎಲ್ಲರೂ ನಿಂಬೆಹಣ್ಣಿನ ಪಾನಕ ಕೊಡುತ್ತಿದ್ದರು. ಎದ್ದು ನಿಂತರೆ ಕಣ್ಣು ಕತ್ತಲೆ. ಆಮೇಲೆ ನನಗೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ಬಿಪಿ ಸಿಕ್ಕಾಪಟ್ಟೆ ಇಳಿದಿತ್ತು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿ, "ಇವರು ಸ್ಟೀರಾಯ್ಡ್ ತಗೊಳ್ತಿದ್ರಾ?" ಅಂತ ಕೇಳಿದಳು. ನಮ್ಮನೆಯವರು, "ಇಲ್ಲ ಡಾಕ್ಟ್ರೇ, ಬರೀ ಕೈಕಾಲು ನೋವಿನ ಮಾತ್ರೆ" ಅಂದರು. ಅವರ ತಪ್ಪಲ್ಲ, ನಾನೇ ಹಾಗೆ ಹೇಳಿದ್ದೆ. ನನ್ನ ಕೈಚೀಲ ತೆಗೆದು ನೋಡಿದಾಗ ತಾಂಬೂಲದ ತೆಂಗಿನಕಾಯಿ ಅಡಿಯಲ್ಲಿ ಹಳೇ ಸ್ಟ್ರಿಪ್ ಸಿಕ್ಕಿತು. ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್, ಜೊತೆಗೆ ಸಲೈನ್. ಒಂದೆರಡು ಗಂಟೆಯಲ್ಲಿ ನಾನು ಮಾತಾಡುತ್ತಿದ್ದೆ. ಮದುವೆಗೆ ಹೋಗಲಾಗಲಿಲ್ಲ. ಬಿಗಿ ರವಿಕೆ ಈಗಲೂ ಬೀರುವಿನಲ್ಲಿದೆ.

ಆ ಡಾಕ್ಟರ್ ಹುಡುಗಿ ಮಾರನೆಯ ಬೆಳಿಗ್ಗೆ ಮಂಚದ ಪಕ್ಕ ಕೂತು ವಿಷಯ ಬಿಡಿಸಿ ಹೇಳಿದಳು. ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಅಂತ ಗ್ರಂಥಿ ಇವೆ. ಒಂದೊಂದೂ ನಾಲ್ಕೈದು ಗ್ರಾಂ ತೂಕ, ಅಷ್ಟೆ. ದಿನಾ ಕಾರ್ಟಿಸಾಲ್ ತಯಾರಿಸುವುದು ಅವುಗಳ ಕೆಲಸ. ಬೆಳಗಿನ ಜಾವ ಜಾಸ್ತಿ, ರಾತ್ರಿ ಕಮ್ಮಿ. ಅದಿಲ್ಲದೆ ಬಿಪಿ ನಿಲ್ಲುವುದಿಲ್ಲ, ಜ್ವರ, ಪೆಟ್ಟು, ಆಪರೇಷನ್ ಯಾವುದನ್ನೂ ದೇಹ ತಡೆದುಕೊಳ್ಳುವುದಿಲ್ಲ. ನಾವು ಹೊರಗಿಂದ ಮಾತ್ರೆ ಸುರಿಯುತ್ತಾ ಹೋದರೆ ಮೆದುಳು ಆ ಗ್ರಂಥಿಗಳಿಗೆ ಸಂದೇಶ ಕಳಿಸುವುದನ್ನೇ ಬಿಡುತ್ತದೆ. ಕೆಲಸವಿಲ್ಲದ ಗ್ರಂಥಿ ಸೊರಗುತ್ತದೆ. ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ತಗೊಂಡ ಯಾರಿಗಾದರೂ ಹೀಗಾಗಬಹುದು. ಮಾತ್ರೆ ತಟ್ಟನೆ ನಿಲ್ಲಿಸಿದರೆ ಒಳಗಿಂದಲೂ ಇಲ್ಲ, ಹೊರಗಿಂದಲೂ ಇಲ್ಲ. ಇದು ಹೊಸ ವಿಷಯವೂ ಅಲ್ಲ. ಕಾರ್ಟಿಸೋನ್ ಬಂದು ನಾಲ್ಕೇ ವರ್ಷಕ್ಕೆ, 1952ರಲ್ಲಿ, ಅದನ್ನು ತಗೊಂಡಿದ್ದ ರೋಗಿಯೊಬ್ಬ ಆಪರೇಷನ್ ಆದಮೇಲೆ ಬಿಪಿ ಬಿದ್ದು ತೀರಿಕೊಂಡಿದ್ದು, ಅವನ ಅಡ್ರಿನಲ್ ಸೊರಗಿಹೋಗಿದ್ದು ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನನಗೆ ಆ ವಿಷಯ ತಲುಪಲು 70 ವರ್ಷ ಹಿಡಿಯಿತು.

ಒಂದು ತಿಂಗಳಾದ ಮೇಲೆ ಬೆಂಗಳೂರಿಗೆ ಹೋಗಿ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರು, ಒಬ್ಬರನ್ನು ಕಂಡೆವು. ನನ್ನ ಕಾಯಿಲೆಗೆ ಕೊನೆಗೂ ಹೆಸರು ಸಿಕ್ಕಿತು. ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಐವತ್ತು ದಾಟಿದವರಿಗೇ ಬರುವಂಥದ್ದು, ಭುಜ ಮತ್ತು ಸೊಂಟದ ಸುತ್ತ ಹಿಡಿಯುವಂಥದ್ದು. ಸ್ಟೀರಾಯ್ಡ್ ಬೇಕೇ ಬೇಕು, ಆದರೆ 20 ಅಲ್ಲ, 15ರಿಂದ ಶುರುಮಾಡಿ ಇಳಿಸುತ್ತಾ ಹೋಗೋಣ ಅಂದರು. ಜೋರು ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಒಂದು ದಿನವೂ ಕಾಯದೆ ಬರಬೇಕು ಅಂತ ಎರಡು ಸಲ ಹೇಳಿಸಿದರು. ಈ ಕಾಯಿಲೆಗೆ ಒಬ್ಬ ಅಣ್ಣ ಇದ್ದಾನಂತೆ, ರಕ್ತನಾಳಕ್ಕೆ ಬರುವವನು, ಅವನು ಕಣ್ಣಿನ ದೃಷ್ಟಿಯನ್ನೇ ಕಿತ್ತುಕೊಳ್ಳಬಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ: "ಅಮ್ಮಾ, ನಿಮ್ಮ ಎತ್ತರ ಎಷ್ಟು?"

157 ಅಂದೆ. ಬ್ಯಾಂಕಿಗೆ ಸೇರುವಾಗ ಮೆಡಿಕಲ್ ಮಾಡಿಸಿದ್ದು, ಆವತ್ತಿನಿಂದ ಎಲ್ಲ ಫಾರಂನಲ್ಲೂ ಅದೇ ಬರೆದಿದ್ದೇನೆ. ಗೋಡೆಗೆ ನಿಲ್ಲಿಸಿ ಅಳೆದರು. 154. ನನ್ನ ಕಣ್ಣ ಮುಂದೆ ನೈಟಿಯ ಅಂಚು ಹಾದುಹೋಯಿತು.

ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು ಇಡ್ಲಿ ಜೋಡಿಸಿಟ್ಟ ಹಾಗೆ ಕಂಡವು. ಡಿ12 ಅನ್ನುವ ಒಂದು ಇಡ್ಲಿಯನ್ನು ಮಾತ್ರ ಯಾರೋ ಮುಂದಿನಿಂದ ಹೆಬ್ಬೆರಳಿನಲ್ಲಿ ಅದುಮಿದ ಹಾಗಿತ್ತು. ಹಿಂದೆ ಪೂರ್ತಿ ಎತ್ತರ, ಮುಂದೆ ಅರ್ಧ. ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನಿನ ಟಿ-ಸ್ಕೋರ್, ಅಂದರೆ ಮೂಳೆ ಎಷ್ಟು ಗಟ್ಟಿ ಅನ್ನುವ ಅಂಕ, ಮೈನಸ್ 2.9. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. "ಇದು ಯಾವಾಗ ಮುರೀತು?" ಅಂದರೆ ನನಗೆ ಗೊತ್ತಿಲ್ಲ. ನೀರಿನ ಕೊಡ ಎತ್ತಿದಾಗಲೋ, ಬಟ್ಟೆ ಹಿಂಡುವಾಗಲೋ, ಬರೀ ಕೆಮ್ಮಿದಾಗಲೋ. ಬೆನ್ನಿನ ಮಣಿ ಹೀಗೆ ಸದ್ದಿಲ್ಲದೆ ಕುಸಿಯುವುದು ಅಪರೂಪವಲ್ಲವಂತೆ.

ಮೂಳೆ ಅಂದರೆ ಕಲ್ಲಿನ ಕಂಬ ಅಂದುಕೊಂಡಿದ್ದೆ. ಅದು ಯಾವಾಗಲೂ ರಿಪೇರಿ ನಡೆಯುತ್ತಿರುವ ಹಳೇ ಮನೆ. ಒಂದು ಗುಂಪು ಹಳೇ ಗೋಡೆ ಕೆಡವುತ್ತಾ ಹೋಗುತ್ತದೆ, ಹಿಂದಿನಿಂದ ಗಾರೆಯವರು ಬಂದು ಹೊಸದು ಕಟ್ಟುತ್ತಾರೆ. ಸ್ಟೀರಾಯ್ಡ್ ಗಾರೆಯವರಿಗೆ ರಜೆ ಕೊಡುತ್ತದೆ. ಕೆಡವುವವರಿಗೆ ರಜೆಯಿಲ್ಲ. ಸಾಲದ್ದಕ್ಕೆ ಕರುಳು ಹೀರಿಕೊಳ್ಳುವ ಕ್ಯಾಲ್ಸಿಯಂ ಕಮ್ಮಿಯಾಗುತ್ತದೆ, ಮೂತ್ರದಲ್ಲಿ ಹೋಗುವುದು ಜಾಸ್ತಿಯಾಗುತ್ತದೆ. ಬೆನ್ನುಮಣಿ, ಪಕ್ಕೆಲುಬಿನಂಥ ಸ್ಪಂಜಿನಂತಿರುವ ಮೂಳೆಗೆ ಮೊದಲ ಹೊಡೆತ. ಮುಖ್ಯವಾದ ಮಾತು ಏನೆಂದರೆ ನಷ್ಟ ಅತಿ ಜೋರಾಗಿ ಆಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಅಂದರೆ ನಾನು ಜಡೆ ಹಾಕಿಕೊಂಡು ಮಲ್ಲಿಗೆ ಮುಡಿದು ಓಡಾಡುತ್ತಿದ್ದ ದಿನಗಳಲ್ಲಿ. ಮೂಳೆಯ ಔಷಧಿ ಆಗಲೇ ಶುರುವಾಗಬೇಕಿತ್ತು. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಮೂರು ತಿಂಗಳ ಮೇಲೆ ತಗೊಳ್ಳುವ ಯಾರಿಗಾದರೂ ಮೂಳೆ ಎಷ್ಟು ಗಟ್ಟಿ ಅಂತ ಮೊದಲೇ ನೋಡಬೇಕು ಅನ್ನುತ್ತದೆ ಅಮೆರಿಕದ ಸಂಧಿವಾತ ತಜ್ಞರ ಮಾರ್ಗಸೂಚಿ. ನಾನು ತಗೊಂಡಿದ್ದು ಅದರ ಎಂಟು ಪಟ್ಟು, ಒಂಬತ್ತು ತಿಂಗಳು.

ಆ ಕ್ಲಿನಿಕ್‌ನವರ ಮೇಲೆ ಕೋಪ ಬಂದಿತ್ತು. ಈಗಲೂ ಸ್ವಲ್ಪ ಇದೆ. ಆದರೆ ನಿಜ ಹೇಳಬೇಕೆಂದರೆ, ಆವತ್ತು ಯಾರಾದರೂ "ಮೂಳೆಗೂ ಒಂದು ಮಾತ್ರೆ ತಗೊಳ್ಳಿ" ಅಂದಿದ್ದರೆ ತಗೊಳ್ಳುತ್ತಿದ್ದೆನಾ? ನೋಯುತ್ತಿದ್ದ ಭುಜ ಸರಿಹೋಗಿತ್ತು, ನೋಯದ ಬೆನ್ನಿಗೆ ಔಷಧಿ ಯಾಕೆ ಅನ್ನುತ್ತಿದ್ದೆ.

ಚಿಕಿತ್ಸೆಗೆ ಮೊದಲು ಎರಡು ಕೆಲಸ. ವಿಟಮಿನ್ ಡಿ 11 ಇತ್ತು, ಅದನ್ನು ಮೇಲೆತ್ತಬೇಕು. ವಾರಕ್ಕೊಂದು 60,000 ಯೂನಿಟ್ ಪುಡಿ, ಹಾಲಿಗೆ ಹಾಕಿ ಕುಡಿಯುವುದು, ಎಂಟು ವಾರ. ಮೈಸೂರಿನ ಈ ಬಿಸಿಲಿನಲ್ಲಿ ಇಷ್ಟು ಕಮ್ಮಿ ಹೇಗೆ ಅಂತ ನನಗೆ ಅಚ್ಚರಿ. 33 ವರ್ಷ ಕ್ಯಾಬಿನ್ನಿನಲ್ಲಿ ಕೂತಿದ್ದೆ, ಬಿಸಿಲು ಕಿಟಕಿಯಾಚೆ ಇತ್ತು. ಇನ್ನೊಂದು ಹಲ್ಲು. ಮೂಳೆ ಗಟ್ಟಿಮಾಡುವ ಈ ಜಾತಿಯ ಔಷಧಿ ತಗೊಳ್ಳುವಾಗ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆಯ ಮೂಳೆ ವಾಸಿಯಾಗದೆ ಉಳಿಯಬಹುದು. ಹಾಗಾಗಿ ಮೊದಲೇ ಹೋಗಿ, ಬಹಳ ದಿನದಿಂದ ನೂಕಿಕೊಂಡು ಬಂದಿದ್ದ ಹುಳುಕು ದವಡೆಹಲ್ಲನ್ನು ಕೀಳಿಸಿಕೊಂಡು ಬಂದೆ. ಡಾಕ್ಟರು ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್, ವರ್ಷಕ್ಕೊಮ್ಮೆ ಡ್ರಿಪ್ ಹಾಕುವ ಜೋಲೆಡ್ರೋನಿಕ್ ಆಸಿಡ್ ಎರಡರ ಬಗ್ಗೆಯೂ ಹೇಳಿದರು. ದುಡ್ಡು, ಧೈರ್ಯ ಎರಡನ್ನೂ ಲೆಕ್ಕ ಹಾಕಿ, ಸದ್ಯ ವಾರಕ್ಕೊಂದು ಮಾತ್ರೆ, ಸಾಲದಿದ್ದರೆ ಇಂಜೆಕ್ಷನ್ ಅಂತ ತೀರ್ಮಾನವಾಯಿತು. ಆರು ತಿಂಗಳಿಗೊಂದು ಡೆನೊಸುಮಾಬ್ ಇಂಜೆಕ್ಷನ್ ಅಂತಲೂ ಒಂದಿದೆ. ಅದನ್ನು ಮಾತ್ರ ತಗೊಳ್ಳುವವರು ಮಧ್ಯದಲ್ಲಿ ಸುಮ್ನೆ ಬಿಡುವ ಹಾಗಿಲ್ಲ. ಬಿಟ್ಟರೆ ಮೂಳೆ ಒಮ್ಮೆಲೇ ಇಳಿದು ಬೆನ್ನುಮಣಿಗಳು ಸಾಲಾಗಿ ಮುರಿಯುವುದುಂಟು. ನಿಲ್ಲಿಸಬೇಕಾದರೆ ಬದಲಿಗೆ ಬೇರೆ ಔಷಧಿ ಶುರುಮಾಡಿಯೇ ನಿಲ್ಲಿಸಬೇಕು.

ನನ್ನ ಪಾಲಿಗೆ ಬಂದಿದ್ದು ಅಲೆಂಡ್ರೊನೇಟ್, 70 ಮಿಲಿಗ್ರಾಂ, ಪ್ರತಿ ಭಾನುವಾರ. ಇದರ ಶಾಸ್ತ್ರ ಸತ್ಯನಾರಾಯಣ ಪೂಜೆಗಿಂತ ಬಿಗಿ. ಎದ್ದ ಕೂಡಲೇ ಖಾಲಿ ಹೊಟ್ಟೆ. ದೊಡ್ಡ ಲೋಟ ತುಂಬ ಬರೀ ನೀರು. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಮಲಗುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಸುಟ್ಟು ಹುಣ್ಣು ಮಾಡುತ್ತದೆ. ಇದನ್ನೆಲ್ಲ ಸಹಿಸಬಹುದು. ಆದರೆ ಕಾಫಿ? ಡಿಕಾಕ್ಷನ್ ಇಳಿಯುವ ವಾಸನೆ ಮನೆ ತುಂಬ. ನಮ್ಮನೆಯವರು ಲೋಟ ಹಿಡಿದು ಪೇಪರ್ ಓದುತ್ತಾ ಕೂತಿರುತ್ತಾರೆ. ನಾನು ಗಡಿಯಾರ ನೋಡುತ್ತಾ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಒಂದು ಗುಟುಕು ಕುಡಿದರೆ ಏನಾಗುತ್ತೆ ಅಂತ ಡಾಕ್ಟರನ್ನು ಕೇಳಿಯೂ ಕೇಳಿದೆ. ಮೊದಲೇ ಈ ಮಾತ್ರೆ ಮೈಗೆ ಹತ್ತುವುದು ನೂರರಲ್ಲಿ ಒಂದು ಪಾಲಿಗಿಂತ ಕಮ್ಮಿ, ಕಾಫಿ ಜೊತೆ ಕುಡಿದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ ಅಂದರು. ಆಮೇಲೆ ಕೇಳಲಿಲ್ಲ.

ಕ್ಯಾಲ್ಸಿಯಂ ವಿಷಯಕ್ಕೆ ಎಲ್ಲರಿಗೂ ಒಂದು ಸಲಹೆ ಇರುತ್ತದೆ. ಮಂಡ್ಯದ ನಮ್ಮ ಚಿಕ್ಕಮ್ಮ ಫೋನಿನಲ್ಲಿ, "ರಾಗಿ ತಿನ್ನೋ ಜನ ಕಣೇ ನಾವು, ನಮಗೆಂಥ ಮೂಳೆ ಸವೆತ?" ಅಂದರು. ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಬೇಕಿರುವುದು ದಿನಕ್ಕೆ 1,000ದಿಂದ 1,200. ಒಂದು ಮುದ್ದೆ, ಒಂದು ಲೋಟ ಹಾಲು, ಎರಡು ಸೌಟು ಮೊಸರು, ವಾರಕ್ಕೆರಡು ದಿನ ನುಗ್ಗೆಸೊಪ್ಪಿನ ಪಲ್ಯ ಅಂತ ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಬರುತ್ತದೆ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಬರಿಸಿದ ಹಿಟ್ಟಾದರೆ ಸ್ವಲ್ಪ ವಾಸಿ. ಉಳಿದದ್ದಕ್ಕೆ ಊಟದ ಜೊತೆ ಒಂದು ಮಾತ್ರೆ. ಆದರೆ ಚಿಕ್ಕಮ್ಮನಿಗೆ ನಾನು ಹೇಳಿದ್ದು ಬೇರೆ. ಇಟ್ಟಿಗೆ ಎಷ್ಟು ರಾಶಿ ಹಾಕಿದರೂ ಗಾರೆಯವನೇ ಬರದಿದ್ದರೆ ಗೋಡೆ ಏಳುವುದಿಲ್ಲ ಚಿಕ್ಕಮ್ಮ. ಅವರು ಒಪ್ಪಲಿಲ್ಲ. ಹದಿನೈದು ದಿನಕ್ಕೆ ಐದು ಕೆಜಿ ರಾಗಿಹಿಟ್ಟು ಕಳಿಸಿದರು.

ಯೋಗದ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಮೈಸೂರಿನಲ್ಲಿದ್ದು ಯೋಗ ಬಿಡು ಅಂದರೆ? ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಸೂರ್ಯನಮಸ್ಕಾರ ಮಾಡಿಸುತ್ತಾರೆ. ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟುವ ಆಸನಗಳೆಲ್ಲ ಇನ್ನು ಬೇಡ ಅಂದರು ಡಾಕ್ಟರು. ಮುಂದೆ ಬಗ್ಗಿದಾಗ ಭಾರವೆಲ್ಲ ಮಣಿಯ ಮುಂಭಾಗಕ್ಕೆ ಬೀಳುತ್ತದೆ, ಅದುಮಿದ ಇಡ್ಲಿಯ ಆ ಬದಿಗೇ. 1984ರಲ್ಲೇ ಮೇಯೊ ಕ್ಲಿನಿಕ್‌ನವರು, ಮಿಸೆಸ್ ಜಿ ಇದ್ದಳಲ್ಲ ಅದೇ ಜಾಗ, ಮೂಳೆ ಸವೆದ ಹೆಂಗಸರಲ್ಲಿ ಮುಂದೆ ಬಗ್ಗುವ ವ್ಯಾಯಾಮ ಮಾಡಿದವರಿಗೆ ಹೊಸದಾಗಿ ಮಣಿ ಮುರಿದದ್ದು ಬಹಳ ಜಾಸ್ತಿ, ಹಿಂದಕ್ಕೆ ಬೆನ್ನು ಎತ್ತುವ ವ್ಯಾಯಾಮ ಮಾಡಿದವರಿಗೆ ಕಮ್ಮಿ ಅಂತ ತೋರಿಸಿದ್ದರು. ಪಾರ್ಕಿನ ಗುರುಗಳು, "ನಿಧಾನಕ್ಕೆ ಬಗ್ಗಿ ಅಮ್ಮ, ಏನೂ ಆಗಲ್ಲ" ಅಂದರು. ನನ್ನ ಎಕ್ಸ್‌ರೇ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ಸುಮ್ಮನಾದರು. ಈಗ ನಾನು ವೀರಭದ್ರಾಸನ, ತಾಡಾಸನದಲ್ಲೇ ಇದ್ದೇನೆ. ಬಾಗಿಲ ಮುಂದಿನ ರಂಗೋಲಿ ಸ್ಟೂಲಿನ ಮೇಲೆ ಕೂತು ಹಾಕುವಷ್ಟು ಚಿಕ್ಕದಾಗಿದೆ.

ಇದಕ್ಕಿಂತ ನನಗೆ ಉಪಕಾರ ಮಾಡಿದ್ದು ಒಂದು ಕುರ್ಚಿ. ಸ್ಟೀರಾಯ್ಡ್ ತೊಡೆಯ ಸ್ನಾಯುವನ್ನೂ ಕರಗಿಸುತ್ತದೆ. ನೆಲದಿಂದ ಏಳಲು ಕೈ ಊರಬೇಕಾಗಿತ್ತು. ಕೈ ಬಳಸದೆ ಊಟದ ಮೇಜಿನ ಕುರ್ಚಿಯಿಂದ ಎದ್ದು ಕೂರುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ದಿನ ನಾಲ್ಕಕ್ಕೇ ಸುಸ್ತು. ಬಿದ್ದರೂ ಮೂಳೆ ಮುರಿಯುತ್ತದೆ, ಬೀಳದ ಹಾಗೆ ನೋಡಿಕೊಳ್ಳುವುದೂ ಔಷಧಿಯೇ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ದೀಪಾವಳಿಯ ಎಣ್ಣೆಸ್ನಾನ ಬಿಟ್ಟೆ. ಮಗಳಿಗೆ ಅದು ಬೇಜಾರು.

ಇನ್ನು ಇಳಿಸುವ ವಿಷಯ. ಇದೇ ನಿಜವಾದ ಕಷ್ಟ. ಏರಿಸುವುದಕ್ಕೆ ಒಂದು ರಾತ್ರಿ ಸಾಕು, ಇಳಿಯಲು ನನಗೆ ಎರಡೂವರೆ ವರ್ಷ ಬೇಕಾಯಿತು. 15ರಿಂದ 10ಕ್ಕೆ ಸಲೀಸಾಗಿ ಬಂದೆ. ಅಲ್ಲಿಂದ ಮುಂದೆ ತಿಂಗಳಿಗೆ ಒಂದು ಮಿಲಿಗ್ರಾಂ ಆಸುಪಾಸು. ನನ್ನ ಹತ್ತಿರ ಇದ್ದದ್ದು 5 ಮತ್ತು 2.5ರ ಮಾತ್ರೆಗಳು. ಹಾಗಾಗಿ ಒಂದು ದಿನ 10, ಮಾರನೆಯ ದಿನ 7.5. ಒಂದು ತಿಂಗಳು ಹೀಗೆ ನಡೆಸಿ, ಆಮೇಲೆ ದಿನಾ 7.5. ಮುಂದಿನ ತಿಂಗಳು 7.5, 5, 7.5, 5. ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ರಾಹುಕಾಲದ ಕೆಳಗೆ 'ದೊ' ಮತ್ತು 'ಚಿ' ಅಂತ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ದೊಡ್ಡ ದಿನ, ಚಿಕ್ಕ ದಿನ. ಹಾಲಿನ ಲೆಕ್ಕ ಅಂತ ಕೆಲಸದ ಹುಡುಗಿ ಅಂದುಕೊಂಡಿದ್ದಳು.

ದೇಹ ತಾನಾಗಿ ತಯಾರಿಸುವ ಕಾರ್ಟಿಸಾಲ್ ಹೆಚ್ಚುಕಮ್ಮಿ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಅದರ ಹತ್ತಿರ ಬಂದಾಗಲೇ ಆಟ ಶುರು. ಮಲಗಿದ್ದ ಗ್ರಂಥಿ ಇನ್ನು ಮೇಲೆ ಏಳಬೇಕು. 5ಕ್ಕೆ ಬಂದ ಎರಡನೆಯ ವಾರ ಮೈಯೆಲ್ಲ ನೋವು. ಕೈಕಾಲು, ಬೆರಳು, ತಲೆಯ ಚರ್ಮ ಕೂಡ. ಕೂತಲ್ಲೇ ಕಣ್ಣೀರು, ಕಾರಣವೇ ಇಲ್ಲ. ಒಗ್ಗರಣೆ ಹೊತ್ತಿಹೋಗಿದ್ದಕ್ಕೆ ಒಂದು ಮಧ್ಯಾಹ್ನ ಅತ್ತಿದ್ದೇನೆ. ಕಾಯಿಲೆ ಮತ್ತೆ ಬಂತು ಅಂತ ಹೆದರಿ, ಯಾರಿಗೂ ಹೇಳದೆ ಮೂರು ದಿನ 10 ಮಿಲಿಗ್ರಾಂ ನುಂಗಿದೆ. ಎಲ್ಲ ಮಾಯ. ಕ್ಯಾಲೆಂಡರಿನಲ್ಲಿ ಆ ಮೂರು ದಿನಕ್ಕೂ 'ಚಿ' ಅಂತಲೇ ಬರೆದೆ. ಬ್ಯಾಂಕಿನಲ್ಲಿ ಹೀಗೆ ಬರೆದಿದ್ದರೆ ಕೆಲಸ ಹೋಗುತ್ತಿತ್ತು.

ಡಾಕ್ಟರ ಮುಂದೆ ಒಪ್ಪಿಕೊಂಡೆ. ಬೈಯಲಿಲ್ಲ. ಮೈಯೊಳಗೆ ಉರಿಯೂತ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಇಎಸ್‌ಆರ್, ಸಿಆರ್‌ಪಿ ಎರಡೂ ಮಾಮೂಲು. ಕಾಯಿಲೆ ಬಂದಿಲ್ಲ, ಇದು ಸ್ಟೀರಾಯ್ಡ್ ಬಿಡುವಾಗಿನ ನೋವು ಅಂದರು. ನಿಮ್ಮ ಹಳೇ ನೋವು ಹೇಗಿತ್ತು, ನೆನಪಿಸಿಕೊಳ್ಳಿ ಅಂದರು. ಬೆಳಿಗ್ಗೆ ಹಿಡಿದು ಮಧ್ಯಾಹ್ನ ಬಿಡುತ್ತಿತ್ತು, ಭುಜ ಮತ್ತು ಸೊಂಟದಲ್ಲಿ. ಇದು ಹೊತ್ತುಗೊತ್ತಿಲ್ಲದೆ ಮೈತುಂಬ, ಜ್ವರ ಬಿಟ್ಟ ಮೈಯ ಹಾಗೆ. ಆದರೂ ಬರೀ ಲಕ್ಷಣ ನಂಬಬೇಡಿ, ಫೋನ್ ಮಾಡಿ, ಪರೀಕ್ಷೆ ಮಾಡೋಣ ಅಂದರು.

ಮನೆಗೆ ಬರುವ ರೈಲಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಮೂಳೆ ಮುರಿದಾಗ ಮೈ ಒಂದು ಮಾತೂ ಆಡಲಿಲ್ಲ. ಎಲ್ಲ ಸರಿಯಿರುವಾಗ ಬಾಯಿ ಬಡಿದುಕೊಂಡಿತು. ಐವತ್ತೆಂಟು ವರ್ಷ ಇದೇ ಮೈಯ ಮಾತು ಕೇಳಿಕೊಂಡು ಬದುಕಿದ್ದೆ.

5ರಲ್ಲೇ ಕೆಲವು ತಿಂಗಳು ನಿಂತೆವು. ಆಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಕಾರ್ಟಿಸಾಲ್ ಪರೀಕ್ಷೆ, ಹಿಂದಿನ ಬೆಳಿಗ್ಗೆಯಿಂದ ಮಾತ್ರೆ ತಗೊಳ್ಳದೆ. 10ಕ್ಕಿಂತ ಜಾಸ್ತಿ ಬಂದರೆ ಗ್ರಂಥಿ ಎದ್ದಿದೆ, ನಿಲ್ಲಿಸಬಹುದು. 5ಕ್ಕಿಂತ ಕಮ್ಮಿ ಇದ್ದರೆ ಇನ್ನೂ ನಿದ್ದೆ. ಮಧ್ಯೆ ಬಂದರೆ ಕಾಯಬೇಕು. ನನ್ನದು ಮೊದಲ ಸಲ 4.1. ಆರು ತಿಂಗಳ ಮೇಲೆ 7.3. ಅಷ್ಟರಲ್ಲಿ 2.5ಕ್ಕೆ ಇಳಿದಿದ್ದೆ. ಕೊನೆಗೆ 1.25. ಇದಕ್ಕೆ ಮಾತ್ರೆ ಅರ್ಧ ಮಾಡಬೇಕು. ಸ್ಟೀಲ್ ತಟ್ಟೆಯ ಮೇಲೆ ಮಾತ್ರೆ ಇಟ್ಟು, ನಮ್ಮನೆಯವರ ಶೇವಿಂಗ್ ಬ್ಲೇಡಿನಿಂದ ಮಧ್ಯದ ಗೀರಿನ ಮೇಲೆ ಒತ್ತಿದರೆ ಟಕ್ ಅಂತ ಒಡೆಯುತ್ತದೆ. ಒಂದು ಚೂರು ಯಾವಾಗಲೂ ಒಲೆಯ ಕಡೆಗೆ ಹಾರುತ್ತದೆ. ಕನ್ನಡಕ ಹಾಕಿಕೊಂಡು ಸಾಸಿವೆ ಕಾಳಿನಷ್ಟು ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕುತ್ತಿದ್ದೆ. ಕಹಿ ಅಂದರೆ ಕಹಿ.

ಇದರ ಮಧ್ಯೆ ಒಮ್ಮೆ ಜ್ವರ ಬಂತು. ಈ ಸಲ ಗೊತ್ತಿತ್ತು. ಜ್ವರ ಬಂದರೆ ಮಾತ್ರೆ ಬಿಡುವುದಲ್ಲ, ಡಾಕ್ಟರು ಹೇಳಿಕೊಟ್ಟ ಹಾಗೆ ಜಾಸ್ತಿ ಮಾಡುವುದು. ಜ್ವರ ಬಿಟ್ಟ ಮೇಲೆ ಹಳೇ ಲೆಕ್ಕಕ್ಕೆ ವಾಪಸ್. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್‌ಗೆ ಓಡುವುದು. ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ನಮ್ಮಂಥವರಿಗೆ 2020ರಿಂದ ಕೆಂಪು ಬಣ್ಣದ ಒಂದು ಕಾರ್ಡು ಕೊಡುತ್ತಾರೆ, ಎಮರ್ಜೆನ್ಸಿಯಲ್ಲಿ ಏನು ಕೊಡಬೇಕು ಅಂತ ಅದರಲ್ಲೇ ಅಚ್ಚಾಗಿರುತ್ತದೆ. ಫೋಟೋ ಕಳಿಸಿ, "ಅಮ್ಮಾ, ನೀನೂ ಒಂದು ಮಾಡ್ಕೋ" ಅಂದಳು. ನನ್ನ ಹಳೇ ವಿಸಿಟಿಂಗ್ ಕಾರ್ಡುಗಳು ಒಂದು ಡಬ್ಬ ಉಳಿದಿದ್ದವು. ಸೀನಿಯರ್ ಮ್ಯಾನೇಜರ್ ಅಂತ ಮುಂದೆ. ಹಿಂದೆ ಕೆಂಪು ಇಂಕಿನಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: ನಾನು ಸ್ಟೀರಾಯ್ಡ್ ಮೇಲಿದ್ದೇನೆ, ತಟ್ಟನೆ ನಿಲ್ಲಿಸಬೇಡಿ, ಪ್ರಜ್ಞೆ ತಪ್ಪಿದರೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ. ಒಂದು ಪರ್ಸಿನಲ್ಲಿ, ಒಂದು ಮೊಬೈಲ್ ಕವರಿನಲ್ಲಿ, ಒಂದು ನಮ್ಮನೆಯವರ ಜೇಬಿನಲ್ಲಿ. ಅವರು ಈಗ ಯಾರು ಕೇಳಿದರೂ ನೋವಿನ ಮಾತ್ರೆ ಅನ್ನುವುದಿಲ್ಲ.

2024ರ ಕೊನೆಯಲ್ಲಿ ಕಾರ್ಟಿಸಾಲ್ 11.6 ಬಂತು. ಆ ಅರ್ಧ ಚೂರನ್ನೂ ಬಿಟ್ಟೆ. ಡೆಕ್ಸಾ ಮೈನಸ್ 2.9ರಿಂದ 2.5ಕ್ಕೆ ಬಂದಿದೆ. ಹೊಸ ಮಣಿ ಮುರಿದಿಲ್ಲ. ಭಾನುವಾರದ ಮಾತ್ರೆ ಇನ್ನೂ ಇದೆ. ಅದನ್ನು ಯಾವಾಗ ನಿಲ್ಲಿಸುವುದು ಅಂತ ಡಾಕ್ಟರು ನೋಡಿ ಹೇಳುತ್ತಾರೆ, ಈ ಸಲ ನಾನಲ್ಲ. ಕಾರ್ಡುಗಳನ್ನು ಇನ್ನೂ ಒಂದು ವರ್ಷ ಇಟ್ಟುಕೊಳ್ಳಿ ಅಂದಿದ್ದಾರೆ, ದೊಡ್ಡ ಕಾಯಿಲೆಯೋ ಆಪರೇಷನ್ನೋ ಬಂದರೆ ಗ್ರಂಥಿಗೆ ಅಷ್ಟು ದಮ್ಮು ಇರದೆ ಹೋಗಬಹುದು ಅಂತ. ಮುಖ ಮೊದಲಿನ ಹಾಗಾಗಿದೆ. ನೆಂಟರು, "ಯಾಕೆ ಇಳಿದುಹೋಗಿದೀಯಾ, ಹುಷಾರಿಲ್ವಾ?" ಅನ್ನುತ್ತಾರೆ.

ಡಿ12 ಮಾತ್ರ ಹಾಗೇ ಇದೆ. ಅದುಮಿದ ಮಣಿ ಮತ್ತೆ ಉಬ್ಬುವುದಿಲ್ಲ.

ಹೋದ ವಾರ ನಾಲ್ಕೂ ನೈಟಿಗಳನ್ನು ಮೂಲೆಯ ಟೈಲರ್ ಹತ್ತಿರ ತಗೊಂಡು ಹೋದೆ. ಅಂಚು ಮಡಚಿ ಹೊಲಿದುಕೊಡಪ್ಪ ಅಂದೆ. "ಎಷ್ಟು ಮೇಡಂ?" ಅಂದ. ಮೂರು ಸೆಂಟಿಮೀಟರ್ ಅಂದೆ. ಅವನ ಟೇಪು ಇಂಚಿನದು. "ಒಂದೂಕಾಲು ಇಂಚು ಹಿಡೀತೀನಿ. ಬಟ್ಟೆ ಕತ್ತರಿಸಲ್ಲ, ಒಳಗೇ ಬಿಟ್ಟಿರ್ತೀನಿ. ಮುಂದೆ ಬೇಕಾದ್ರೆ ಬಿಚ್ಚಿಕೊಳ್ಳಬಹುದು" ಅಂದ. ಸ್ಕೂಲ್ ಮಕ್ಕಳ ಯೂನಿಫಾರಂ ಹೊಲಿದು ಅಭ್ಯಾಸ ಅವನಿಗೆ.

"ಬೇಡಪ್ಪ, ಕತ್ತರಿಸಿಬಿಡು" ಅಂದೆ.